ದೀಪ ಹಚ್ಚಿದರೆ ಮೂರನೇ ಗೇರು

ಕತ್ತಲೆಂದರೆ ಇದಕ್ಕೆ ಭಯ, ಅಂದ ಅಂಜೋರ್.
ಹಿಂದಿನ ಸೀಟಿನಲ್ಲಿ ಬ್ರೆಡ್ಡಿನ ಟ್ರೇಗಳು, ಇನ್ನೂ ಬಿಸಿ.
ರುಸ್ತಾವಿಯ ಕಾರುಪೇಟೆಯಲ್ಲಿ ನನ್ನದು ಕೊನೆಯ ಶೆಡ್ಡು,
ಗಾಳಿ ಬಂದರೆ ಮೊದಲು ನನ್ನ ತಗಡೇ ಬಡಿದುಕೊಳ್ಳುವುದು.

ಹಗಲೆಲ್ಲ ಸರಿಯಾಗಿರುತ್ತದೆ, ತ್ಸಿಯಾಲಾ.
ಸಂಜೆ ದೀಪ ಹಚ್ಚಿ ಹೀಟರ್ ತಿರುಗಿಸಿದೆನೋ,
ಒಂದು ಗುದ್ದು. ಆಮೇಲೆ ಮೂರನೇ ಗೇರು.
ಏರಿಗೂ ಮೂರು, ಇಳಿಜಾರಿಗೂ ಮೂರು,
ಸಿಗ್ನಲ್ಲು ಬಿಟ್ಟರೆ ಮುದಿ ಎತ್ತು ಎದ್ದ ಹಾಗೆ ಏಳುತ್ತದೆ.

ಮೂವರನ್ನು ಕಂಡು ಬಂದಿದ್ದ.
ಗೇರ್‌ಬಾಕ್ಸೇ ಬದಲಿಸು ಅಂದನಂತೆ ಒಬ್ಬ.
ಇನ್ನೊಬ್ಬ ಎಣ್ಣೆ ಬದಲಿಸಿ ದುಡ್ಡು ಎಣಿಸಿಕೊಂಡ.
ಮೂರನೆಯವನು ಬಾನೆಟ್ಟೂ ಎತ್ತದೆ
ತಲೆ ಕೆಟ್ಟಿದೆ ಅಂದ; ಅಂದರೆ ಮಾಡ್ಯೂಲು,
ಗೇರುಗಳಿಗೆಲ್ಲ ಅಪ್ಪಣೆ ಕೊಡುವ ಅಂಗೈಯಗಲದ ಡಬ್ಬಿ.

ಸ್ಕ್ಯಾನರ್ ಚುಚ್ಚಿದೆ. ಸೊನ್ನೆ ಏಳು ಸೊನ್ನೆ ಸೊನ್ನೆ.
ಚಾಡಿಕೋರ ಕೋಡು ಇದು.
ಎಂಜಿನ್ನಿನ ಕಂಪ್ಯೂಟರ್ ಹೇಳುವುದಿಷ್ಟೇ:
ನನಗೇನೂ ಗೊತ್ತಿಲ್ಲ, ಪಕ್ಕದ ಮನೆಯಲ್ಲೇನೋ ಗಲಾಟೆ,
ಅವರನ್ನೇ ಕೇಳಿ.
ಪಕ್ಕದ ಮನೆಯ ಬಾಗಿಲು ಬಡಿದೆ.
ಒಮ್ಮೆ ಓಗೊಟ್ಟಿತು. ಒಮ್ಮೆ ಇಲ್ಲ.

ನೋದಾರ್ ಮಾವ, ಒಂದು ಕಿವಿ ಕೇಳದವನು,
ಗೇರ್‌ಬಾಕ್ಸಿಗೆ ಅಂಗೈಯಿಟ್ಟೇ ಕಾಯಿಲೆ ಹೇಳುತ್ತಿದ್ದವನು,
ಈ ಯಂತ್ರ ಬಂದ ವರ್ಷ ನನಗೆ ಅಂದಿದ್ದ:
ಕೋಡು ಅಂದರೆ ದೂರು, ತೀರ್ಪಲ್ಲ ಹುಡುಗೀ,
ದೂರು ಕೊಟ್ಟವನನ್ನೇ ನೇಣಿಗೆ ಹಾಕಬೇಡ.

ಮೂರನೇ ಗೇರು ಹಠವಲ್ಲ, ಅಂಜೋರ್.
ಯಾವ ಸುದ್ದಿ ನಂಬಬೇಕೋ ತಿಳಿಯದಾದಾಗ
ಡಬ್ಬಿ ಹಿಡಿತ ಬಿಡುತ್ತದೆ,
ವಾಲ್ವುಗಳು ತಮ್ಮಷ್ಟಕ್ಕೆ ಬಂದು ನಿಲ್ಲುವ ಜಾಗ ಅದು.
ಓಡಲಾಗದು. ಮನೆ ಮುಟ್ಟಬಹುದು.

ಮೀಟರಿನ ಕರಿ ಕಡ್ಡಿ ಬ್ಯಾಟರಿಯ ಮೈನಸ್ಸಿಗೆ,
ಕೆಂಪು ಕಡ್ಡಿ ಮಾಡ್ಯೂಲಿನ ಅರ್ತ್ ತಂತಿಗೆ.
ಸೊನ್ನೆ ಇರಬೇಕು; ಹೆಚ್ಚು ಕಡಿಮೆ ಸೊನ್ನೆಯೇ.
ದೀಪ ಹಚ್ಚು ಅಂದೆ. ಮುಕ್ಕಾಲು ವೋಲ್ಟ್.
ಹೀಟರ್. ಒಂದೂವರೆ. ಬ್ರೇಕ್ ತುಳಿ. ಎರಡು.
ನೋಡು, ನೆಲವೇ ಮೇಲೆ ಬರುತ್ತಿದೆ!
ಯಾವುದನ್ನು ಸೊನ್ನೆಯೆಂದು ನಂಬಿ ಈ ಡಬ್ಬಿ
ಲೋಕವನ್ನೆಲ್ಲ ಅಳೆಯುತ್ತದೋ, ಆ ಸೊನ್ನೆಯೇ
ನಿನ್ನ ನಾದಿದ ಹಿಟ್ಟಿನಂತೆ ಉಬ್ಬುತ್ತಿದೆ.

ಕಾರ್ಪೆಟ್ ಎತ್ತಿದೆ.
ನಾಲ್ಕು ತಂತಿಗೆ ಒಂದೇ ಬೋಲ್ಟು,
ದೀಪದ್ದು, ಹೀಟರಿನದು, ಬ್ರೇಕಿನದು, ಮಾಡ್ಯೂಲಿನದು.
ಬೋಲ್ಟಿನ ತುಂಬ ಕಿಲುಬು, ನವಿಲುಗತ್ತಿನ ಹಸಿರು.
ಕೆಳಗೆ ನಯವಾದ ಕೆಸರು, ಒಣಗಿ ಬಿರುಕು ಬಿಟ್ಟದ್ದು,
ಬಿರುಕಿನಲ್ಲಿ ಎಳ್ಳಿಗಿಂತ ತುಸು ದೊಡ್ಡ
ಬಸವನಹುಳದ ಚಿಪ್ಪು.

ನಮ್ಮ ಮ್ತ್ಕ್ವಾರಿಯದಲ್ಲ. ಹಡಗಿನಲ್ಲಿ
ಪೋತಿ ಬಂದರಿಗೆ ಬಂದಿಳಿದ ಕಾರು.
ಕಾಗದದಲ್ಲಿದ್ದದ್ದು: ಹಿಂಬಾಗಿಲಿಗೆ ಸಣ್ಣ ಗೀರು.
ಅಮೆರಿಕದ ಯಾವುದೋ ಊರಲ್ಲಿ ಒಂದು ರಾತ್ರಿ
ಸೀಟಿನವರೆಗೆ ನೀರು ನಿಂತದ್ದನ್ನು
ಈ ಬೋಲ್ಟು ಬಿಟ್ಟರೆ ಯಾರೂ ಬರೆದಿಟ್ಟಿರಲಿಲ್ಲ.

ಅಂಜೋರ್ ಚಿಪ್ಪನ್ನು ಅಂಗೈಗೆ ಹಾಕಿಕೊಂಡ.
ಉಗುರಿನ ಸಂದಿಯಲ್ಲಿ ಮೈದಾ.
ಮಾರಿದವನು ಹೆಂಡತಿಯ ತಮ್ಮ, ಜುಂಬೇರ್.
ಅವನಿಗೂ ಗೊತ್ತಿರಲಿಲ್ಲವೇನೋ, ಅಂದ.
ನಾನು ಉಪ್ಪುಕಾಗದ ಹರಿದು ತಗಡು ತಿಕ್ಕತೊಡಗಿದೆ.
ಮಾತಾಡಲಿಕ್ಕೆ ಅದಕ್ಕಿಂತ ಸದ್ದಿನ ಕೆಲಸ ಬೇಕಿರಲಿಲ್ಲ.

ಹೊಳೆಯುವ ಉಕ್ಕು ಕಾಣುವವರೆಗೆ. ಹೊಸ ಬೋಲ್ಟು, ಗ್ರೀಸು.
ದೀಪ, ಹೀಟರ್, ಬ್ರೇಕು, ಎಲ್ಲ ಒಟ್ಟಿಗೆ:
ಮೀಟರಿನಲ್ಲಿ ನೂರನೆಯ ನಾಲ್ಕು ಪಾಲು.
ಮಾಡ್ಯೂಲು ಬದಲಿಸಬೇಕಿಲ್ಲ ಅಂದೆ,
ತಲೆ ನೆಟ್ಟಗೇ ಇತ್ತು. ಮೂವತ್ತು ಲಾರಿ ಕೊಡು.
ಆದರೆ ನೀರು ಕುಡಿದ ಕಾರು;
ಇನ್ನೆಲ್ಲಿ ಹಸಿರು ಹತ್ತಿದೆಯೋ ನಾನರಿಯೆ.

ಭಾನುವಾರ ಊಟಕ್ಕೆ ಬರುತ್ತಾನೆ ಜುಂಬೇರ್,
ಕೇಳಲೇ?
ಕೇಳು. ಹಗಲು ಬೇಡ,
ದೀಪ ಹಚ್ಚಿದ ಮೇಲೆ ಕೇಳು.

ಮೂವತ್ತರ ಜೊತೆ ಒಂದು ಬ್ರೆಡ್ಡಿಟ್ಟು ಹೊರಟ.
ಕತ್ತಲಾಗಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು
ದನಿಯಿಂದಲೇ ಎಣಿಸಿದೆ: ಒಂದು. ಎರಡು.
ಮೂರರಲ್ಲಿ ತುಸು ಹೆಚ್ಚೇ ಹೊತ್ತು,
ಲಾರಿಯೊಂದು ಅಡ್ಡ ಬಂದಿರಬೇಕು.
ಬ್ರೆಡ್ಡಿನ ತುದಿ ಮುರಿದು ಬಾಯಿಗಿಟ್ಟೆ.
ನಾಲ್ಕು.